ಶೀಟಿನ ರೂಮಿನಲ್ಲಿ 17 ದಿನ

ನಮ್ಮ ಮನೆಯ ತಾರಸಿಯಲ್ಲಿ ಒಂದು ಶೀಟಿನ ರೂಮಿದೆ. ಬೆಂಗಳೂರಿನ ಹನುಮಂತನಗರದ ಹಳೇ ಮನೆಗಳನ್ನು ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನೀರಿನ ಟ್ಯಾಂಕು, ನಾಲ್ಕು ಸಾಲು ಬಟ್ಟೆ ತಂತಿ, ಒಂದು ತುಳಸಿ ಕುಂಡ, ಮೂಲೆಯಲ್ಲಿ ಶೀಟು ಹೊದಿಸಿದ ಹತ್ತಡಿ ರೂಮು, ಅದಕ್ಕೆ ಅಂಟಿಕೊಂಡಂತೆ ಪುಟ್ಟ ಬಚ್ಚಲು. ಮೊದಲು ಯಾರೋ ಬ್ಯಾಚುಲರ್ ಹುಡುಗರು ಬಾಡಿಗೆಗಿದ್ದರಂತೆ. ನಾವು ಮೊದಲ ಮಹಡಿಗೆ ಬಂದ ಮೇಲೆ ಓನರ್ ಆಂಟಿ ಅದನ್ನೂ ನಮಗೇ ಬಿಟ್ಟುಕೊಟ್ಟರು. ನಮ್ಮನೆಯವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಸ್ಯಾಂಪಲ್ ಆಲ್ಬಂ, ಕವರಿನ ಕಟ್ಟು, ಕಾರ್ಡಿನ ಬಂಡಲ್ ಎಲ್ಲ ಆ ರೂಮಿಗೆ ಬಂದು ಬೀಳುತ್ತಿದ್ದವು. ನಾನು ವರ್ಷಕ್ಕೊಂದು ಸಲ ಧೂಳು ಹೊಡೆಯಲು ಮಾತ್ರ ಒಳಗೆ ಹೋಗುತ್ತಿದ್ದೆ.

2021ರ ಏಪ್ರಿಲ್-ಮೇ ತಿಂಗಳಲ್ಲಿ ಅದೇ ರೂಮಿನಲ್ಲಿ 17 ದಿನ ಇದ್ದೆ. ಆ ದಿನಗಳ ಬಗ್ಗೆ ಒಂದು ಮಾತನ್ನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

2020ರ ಮಾರ್ಚ್ 14ಕ್ಕೆ ಮಾಲು, ಥಿಯೇಟರು ಬಂದ್ ಆದಾಗ ಒಂದು ವಾರ ಅಂದಿದ್ದರು. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ನಮಗೆ ಮಾರ್ಚ್ ಅಂದರೆ ಉಸಿರಾಡಲೂ ಪುರುಸೊತ್ತಿಲ್ಲದ ತಿಂಗಳು. 21ನೇ ತಾರೀಕು ಶನಿವಾರ ನಮ್ಮ ಸರ್ ಎಲ್ಲರಿಗೂ ಸಿಪಿಯು ಬಿಚ್ಚಿಕೊಂಡು ಹೋಗಿ ಅಂದರು. ಮಗುವನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲೆ ಸಿಪಿಯು ಇಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದೆ. ಮಾರನೇ ದಿನ ಜನತಾ ಕರ್ಫ್ಯೂ. ಸಂಜೆ 5ಕ್ಕೆ ಅತ್ತೆ ಬಾಲ್ಕನಿಯಲ್ಲಿ ನಿಂತು ಜಾಗಟೆ ಹೊಡೆದರು. 24ರ ರಾತ್ರಿ 8ಕ್ಕೆ ಟಿವಿಯಲ್ಲಿ ಇಪ್ಪತ್ತೊಂದು ದಿನ ಅಂದರು. ಮಾರನೇ ದಿನವೇ ಯುಗಾದಿ.

ಬೇವು ತಂದಿರಲಿಲ್ಲ. ಓನರ್ ಆಂಟಿ ರಸ್ತೆ ಕೊನೆಯ ಮರದಿಂದ ಒಂದು ಕಡ್ಡಿ ಮುರಿದು ತಂದು ಮೆಟ್ಟಿಲ ಮೇಲಿಟ್ಟು, ದೂರ ನಿಂತು ಕೂಗಿದರು. ಅತ್ತೆ ಹೊಸ ಪಂಚಾಂಗ ತೆಗೆದು ಕೂತರು. ಶಾರ್ವರಿ ಸಂವತ್ಸರ. ಮಳೆ ಇಷ್ಟು, ಬೆಳೆ ಇಷ್ಟು, ಯಾವ ರಾಶಿಗೆ ಆಯ ಎಷ್ಟು ವ್ಯಯ ಎಷ್ಟು ಎಲ್ಲ ಇತ್ತು. ಎರಡೆರಡು ಸಲ ತಿರುವಿ ಹಾಕಿ, ಕನ್ನಡಕ ತೆಗೆದು, "ಇದರಲ್ಲಿ ಎಲ್ಲೂ ಬರ್ದೇ ಇಲ್ವಲ್ಲೇ" ಅಂದರು. ಅವರಿಗೆ ರೋಗಕ್ಕಿಂತ ಪಂಚಾಂಗದ ಮೇಲೆ ಸಿಟ್ಟು ಜಾಸ್ತಿ ಬಂದಿತ್ತು.

ಮನೆಯಲ್ಲಿ ನಾವು ಐದು ಜನ. ಎರಡು ರೂಮು, ಒಂದು ಹಾಲು. ಮಗಳು ಒಂಬತ್ತನೇ ಕ್ಲಾಸು ಮುಗಿಸುವುದರಲ್ಲಿದ್ದಳು, ಪರೀಕ್ಷೆ ಇಲ್ಲದೆ ಪಾಸ್ ಅಂದರು. ಮಗ ಯುಕೆಜಿ. ಮೊದಲ ಮೂರು ವಾರ ನಿಜವಾಗಿಯೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಮೊಮ್ಮಗನಿಗೆ ಹುಣಸೆ ಬೀಜ ತೇಯ್ದು ಚೌಕಾಬಾರ ಕಲಿಸಿದರು. ದೂರದರ್ಶನದಲ್ಲಿ ರಾಮಾಯಣ ಮತ್ತೆ ಶುರುವಾಯಿತು. ಗಾಡಿಗಳ ಸದ್ದಿಲ್ಲದೆ ರಾಮಾಂಜನೇಯ ಗುಡ್ಡದ ಕಡೆಯಿಂದ ಹಕ್ಕಿಗಳ ಕೂಗು ಮನೆವರೆಗೂ ಕೇಳುತ್ತಿತ್ತು. ನಾನು ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ಸ್ನಾನ ಮಾಡಿಸುತ್ತಿದ್ದೆ. ಟೊಮೆಟೊ, ಬೀನ್ಸ್, ಕೊನೆಗೆ ಕೊತ್ತಂಬರಿ ಸೊಪ್ಪಿಗೂ ಉಪ್ಪುನೀರಿನ ಅಭ್ಯಂಜನ. ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಸಂಜೆಯಾದರೆ ಹೆಲ್ತ್ ಬುಲೆಟಿನ್. ಆಗ ರೋಗಿಗಳಿಗೆ ಹೆಸರಿಲ್ಲ, ಪಿ ಅಂತ ಬರೆದು ಮುಂದೆ ಒಂದು ನಂಬರು. ಯಾವ ನಂಬರಿನವರಿಂದ ಯಾವ ನಂಬರಿನವರಿಗೆ ಬಂತು ಅಂತ ಸಂಬಂಧ ಕೂಡಿಸುವುದರಲ್ಲಿ ಅತ್ತೆ ನಿಸ್ಸೀಮರಾದರು. ಧಾರಾವಾಹಿಗಳ ಶೂಟಿಂಗ್ ನಿಂತು ಹಳೇ ಕಂತುಗಳೇ ಬರುತ್ತಿದ್ದವು, ಅವರಿಗೆ ಇದೇ ಧಾರಾವಾಹಿ.

ಆಮೇಲೆ ಕೆಲಸ ಶುರುವಾಯಿತು. ನಾನು ಕೆಲಸ ಅಂದಿದ್ದು ಆಫೀಸಿನದಲ್ಲ. ಜಿಎಸ್‌ಟಿ ರಿಟರ್ನ್‌ಗಳ ಗಡುವನ್ನು ಸರ್ಕಾರ ಜೂನ್‌ವರೆಗೆ ಮುಂದಕ್ಕೆ ಹಾಕಿತ್ತು. ಮನೆಯಲ್ಲಿ ಯಾವ ಗಡುವೂ ಮುಂದಕ್ಕೆ ಹೋಗಲಿಲ್ಲ. ಬೆಳಿಗ್ಗೆ ಕಾಫಿ, ತಿಂಡಿ, ಹನ್ನೊಂದಕ್ಕೆ ಇನ್ನೊಂದು ಕಾಫಿ, ಊಟ, ಸಂಜೆ ಕುರುಕಲು, ಮತ್ತೆ ಕಾಫಿ, ರಾತ್ರಿ ಊಟ. ಐದು ಜನ ಮೂರು ಹೊತ್ತೂ ಮನೆಯಲ್ಲೇ ಇದ್ದರೆ ಎಷ್ಟು ಲೋಟ ಬೀಳುತ್ತವೆ ಅಂತ ಒಂದು ದಿನ ಸುಮ್ನೆ ಎಣಿಸಿದೆ. 34. ಮನೆಕೆಲಸಕ್ಕೆ ಬರುತ್ತಿದ್ದಾಕೆಗೆ ಬರಬೇಡಮ್ಮ ಅಂದಿದ್ದೆವು. ಎರಡು ತಿಂಗಳು ಪೂರ್ತಿ ಸಂಬಳ ಕೊಟ್ಟೆ. ಮೂರನೇ ತಿಂಗಳು ಅರ್ಧ ಕೊಟ್ಟೆ. ನಾಲ್ಕನೇ ತಿಂಗಳು ಆಕೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತಿದೆ, ಆದರೂ ನಡೆದಿದ್ದು ಹಾಗೆಯೇ.

ಕೊಡಲು ನಮ್ಮ ಹತ್ತಿರವೂ ಇರಲಿಲ್ಲ. ಮದುವೆಗೆ 50 ಜನ ಅಂತ ನಿಯಮ ಬಂದ ಮೇಲೆ ಲಗ್ನಪತ್ರಿಕೆ ಯಾರಿಗೆ ಬೇಕು? ಐವತ್ತು ಜನರನ್ನು ವಾಟ್ಸ್ಆ್ಯಪ್‌ನಲ್ಲಿ ಕರೆದರೆ ಆಯಿತು. 2020ರ ಅಕ್ಷಯ ತದಿಗೆ ಏಪ್ರಿಲ್ 26, ಭಾನುವಾರ. ಮದುವೆಯವರಿಗೆ ಅದಕ್ಕಿಂತ ಒಳ್ಳೇ ದಿನ ಬೇಕಾ? ಆ ಒಂದು ತಾರೀಕಿಗೇ ಇವರು ಎಷ್ಟೋ ಕಾರ್ಡ್ ಪ್ರಿಂಟ್ ಮಾಡಿಸಿಟ್ಟಿದ್ದರು. ಅಡ್ವಾನ್ಸ್ ಕೊಟ್ಟವರು ಬಾಕಿ ಕೊಡಲೂ ಬರಲಿಲ್ಲ, ಕಾರ್ಡು ಒಯ್ಯಲೂ ಬರಲಿಲ್ಲ. ಅಂಗಡಿ ಬಾಡಿಗೆ ಮಾತ್ರ ತಪ್ಪಲಿಲ್ಲ. ಜೂನ್‌ನಲ್ಲಿ ಇವರು ಆ ಬಂಡಲ್‌ಗಳನ್ನು ಗೂಡ್ಸ್ ಆಟೋದಲ್ಲಿ ತಂದು, ಒಂದೊಂದಾಗಿ ಹೊತ್ತು ಶೀಟಿನ ರೂಮಿಗೆ ಹಾಕಿದರು. ಸಹಾಯಕ್ಕೆ ಹೋದೆ. "ಬೇಡ ಬಿಡು" ಅಂದರು. ಅವತ್ತಿನಿಂದ ಮಾತು ಕಡಿಮೆಯಾಯಿತು. ಬೆಳಿಗ್ಗೆ ಒಂಬತ್ತಾದರೂ ಏಳುತ್ತಿರಲಿಲ್ಲ. ಎದ್ದರೆ ಟಿವಿ. ಬೈದರೂ ಜಗಳವಾಡದ ಗಂಡನನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ನಾನು ಮಾತ್ರ ಸಿಡುಕಿಯಾದೆ. ಮೊದಲು ನಾನು ಹಾಗಿರಲಿಲ್ಲ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಮನೆಯಲ್ಲಿ ಇದ್ದಿದ್ದು ಎರಡು ಫೋನು. ಒಂದು ಮಗಳ ಕ್ಲಾಸಿಗೆ, ಇನ್ನೊಂದು ಮಗನ ಕ್ಲಾಸಿಗೆ. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಡ ಅಂತ ಜೂನ್‌ನಲ್ಲಿ ಸರ್ಕಾರ ಹೇಳಿತು. ಅಬ್ಬಾ ಅಂದುಕೊಳ್ಳುವಷ್ಟರಲ್ಲಿ ವಿಷಯ ಹೈಕೋರ್ಟಿಗೆ ಹೋಗಿ ಕ್ಲಾಸು ಮತ್ತೆ ಶುರು. ಮಗ ಹೊಸ ಸ್ಕೂಲಿಗೆ ಒಂದನೇ ಕ್ಲಾಸಿಗೆ ಸೇರಿದ್ದ, ಆ ಸ್ಕೂಲಿನ ಗೇಟನ್ನೂ ನೋಡಿರಲಿಲ್ಲ. ಮಿಸ್ "ಎಲ್ರೂ ಬುಕ್ ತೆಗೀರಿ" ಅಂದರೆ ಇವನು ಟೇಬಲ್ ಕೆಳಗೆ ಹೋಗಿ ಮಲಗುತ್ತಿದ್ದ. ಒಂದು ದಿನ ಒಲೆಯ ಮೇಲೆ ಸಾರು, ಕಿವಿಯಲ್ಲಿ ನಮ್ಮ ಸರ್, ಕೆಳಗೆ ಇವನು. ಎಳೆದು ಕೂರಿಸಿ ಬೆನ್ನಿಗೆ ಎರಡು ಬಿಟ್ಟೆ. ಬಾಯಿಗೆ ಬಂದಿದ್ದೂ ಅಂದೆ. ಫೋನ್ ಮ್ಯೂಟ್‌ನಲ್ಲಿ ಇರಲಿಲ್ಲ. ಒಂದು ಕ್ಷಣ ಆ ಕಡೆ ಪೂರ್ತಿ ಕ್ಲಾಸು ಸುಮ್ಮನಾಯಿತು. ಆಮೇಲೆ ಮಿಸ್ ಮೆಲ್ಲಗೆ, "ಅಮ್ಮ, ನಿಮ್ದು ಮೈಕ್ ಆನ್ ಇದೆ" ಅಂದರು.

ಆ ರಾತ್ರಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಳುವುದಕ್ಕೂ ಅದೊಂದೇ ಜಾಗ, ಅದಕ್ಕೂ ಕ್ಯೂ. ಐದು ನಿಮಿಷಕ್ಕೇ ಮಗಳು ಬಾಗಿಲು ಬಡಿದಳು. ಅವಳಿಗೂ ಅಲ್ಲೇ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು. ಅಜ್ಜಿಯ ಜೊತೆ ರೂಮು ಹಂಚಿಕೊಂಡ ಹದಿನೈದು ವರ್ಷದ ಹುಡುಗಿ ಪಾಪ ಇನ್ನೆಲ್ಲಿಗೆ ಹೋಗಬೇಕು? ಮನೆಯಲ್ಲಿ ಎಲ್ಲರೂ ಜೊತೆಯಲ್ಲಿರಬೇಕು ಅಂತ ಹಬ್ಬ ಹರಿದಿನಕ್ಕೆ ಹರಕೆ ಹೊರುತ್ತಿದ್ದೆವಲ್ಲ, ಆ ವರ್ಷ ದೇವರು ಅಳತೆ ಮೀರಿ ಕೊಟ್ಟುಬಿಟ್ಟ.

ವರ್ಷ ಹೇಗೋ ದಾಟಿತು. 2021ರ ಏಪ್ರಿಲ್ 13ಕ್ಕೆ ಮತ್ತೆ ಯುಗಾದಿ ಬಂದಾಗ ಅತ್ತೆ ಪಂಚಾಂಗದ ಜೊತೆ ರಾಜಿಯಾಗಿದ್ದರು. "ಹೋದ ವರ್ಷ ಶಾರ್ವರಿ, ಅಂದ್ರೆ ರಾತ್ರಿ. ಈ ಸಲ ಪ್ಲವ. ಪ್ಲವ ಅಂದ್ರೆ ದೋಣಿ ಕಣೇ, ದಾಟ್ಸತ್ತೆ ನೋಡು" ಅಂದರು. ಮಾರ್ಚ್‌ನಲ್ಲಿ ಅವರಿಗೆ ಮೊದಲ ಡೋಸ್ ಆಗಿತ್ತು. ಇವರ ಅಂಗಡಿಗೂ ಒಂದೆರಡು ಆರ್ಡರ್ ಬರಲು ಶುರುವಾಗಿತ್ತು.

ಏಪ್ರಿಲ್ 22, ಗುರುವಾರ ರಾತ್ರಿ ಅತ್ತೆಗೆ ಮಂಡಿನೋವು ಜಾಸ್ತಿ ಅಂತ ಬಿಸಿ ಎಣ್ಣೆ ಹಚ್ಚಿ ಅರ್ಧ ಗಂಟೆ ಕಾಲು ನೀವಿದೆ. ಪಕ್ಕದಲ್ಲೇ ಕೂತು ಟಿವಿ ನೋಡಿದೆ. ಮಲಗುವ ಹೊತ್ತಿಗೆ ನನ್ನ ಮೈ ಕಾದಿತ್ತು. ಬೆಳಿಗ್ಗೆ ಎದ್ದರೆ ಕಾಫಿಯ ವಾಸನೆ ಇಲ್ಲ. ಫಿಲ್ಟರಿಗೆ ಮೂಗು ತಾಗಿಸಿ ಎಳೆದೆ, ಏನೂ ಇಲ್ಲ. ಯಾವ ಟೆಸ್ಟೂ ಬೇಕಾಗಿರಲಿಲ್ಲ, ಆದರೂ ಹೋಗಿ ಗಂಟಲಿಗೆ, ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ಅಲ್ಲಿಂದ ಸೀದಾ ತಾರಸಿಗೆ. ಇವರು ಕಾರ್ಡಿನ ಬಂಡಲ್‌ಗಳನ್ನು ಗೋಡೆಗೆ ಒತ್ತರಿಸಿ ಒಂದು ಚಾಪೆಯ ಜಾಗ ಮಾಡಿದ್ದರು. ಟೇಬಲ್ ಫ್ಯಾನು, ನೀರಿನ ಕ್ಯಾನು, ಡೋಲೊ 650, ಒಂದು ಆಕ್ಸಿಮೀಟರು. ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಆಕ್ಸಿಮೀಟರಿಗೆ ಆ ವಾರ 2,200 ಕೊಟ್ಟಿದ್ದೆವು.

ಈಗ ಆ ಮಾತು. ಆ ರೂಮಿನಲ್ಲಿ ಮೊದಲ ನಾಲ್ಕು ದಿನ ನಾನು ಖುಷಿಯಾಗಿದ್ದೆ.

ಜ್ವರ ಇತ್ತು, ಮೈಕೈ ನೋವಿತ್ತು, ಶೀಟಿನ ಕಾವಿಗೆ ಮಧ್ಯಾಹ್ನ ಹೊತ್ತು ಬೇಯುತ್ತಿದ್ದೆ. ಆದರೂ ಮೊದಲ ದಿನ ಹನ್ನೊಂದು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಯಾರೂ ಕರೆಯುತ್ತಿರಲಿಲ್ಲ. ಮತ್ತೆ ಮಲಗಿದೆ. ಯಾರೋ ಮಾಡಿದ ತಿಂಡಿ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು. ಇವರು ಮಾಡಿದ ಉಪ್ಪಿಟ್ಟು. ಮೊದಲ ದಿನ ಉಪ್ಪು ಮರೆತಿದ್ದರಂತೆ, ನನಗೆ ನಾಲಿಗೆಗೆ ರುಚಿಯೇ ಇಲ್ಲದ್ದರಿಂದ ಚೆನ್ನಾಗಿದೆ ಅಂದೆ. ಆ ಒಂದು ಮಾತಿಗೆ ನಾಲ್ಕು ದಿನ ಉಪ್ಪಿಟ್ಟೇ ಬಂತು. ಸಂಜೆ ಹೊರಗೆ ಬಂದು ತಾರಸಿಯ ನೆಲಕ್ಕೆ ನೀರು ಚಿಮುಕಿಸಿ ಚಾಪೆ ಹಾಕಿ ಆಕಾಶ ನೋಡಿದೆ. ಮದುವೆಯಾಗಿ 17 ವರ್ಷದಲ್ಲಿ ಅಷ್ಟು ಹೊತ್ತು ಒಬ್ಬಳೇ ಯಾವತ್ತೂ ಇದ್ದ ನೆನಪಿಲ್ಲ. ಹೆರಿಗೆಯಲ್ಲೂ ಜೊತೆಗೆ ಜನ ಇದ್ದರು.

ಓದಲು ಬೇರೇನೂ ಇರಲಿಲ್ಲ, ಲಗ್ನಪತ್ರಿಕೆ ಓದಿದೆ. ಒಂದು ಬಂಡಲ್ ಬಿಚ್ಚಿದರೆ ನೂರು ಕಾರ್ಡಿನಲ್ಲೂ ಒಂದೇ ಗಂಡು ಹೆಣ್ಣು. ಎಲ್ಲದರಲ್ಲೂ 26-4-2020. ಆ ಹುಡುಗಿಯ ಮದುವೆ ಆಮೇಲೆ ಆಯಿತೋ ಇಲ್ಲವೋ? ಆಗಿದ್ದರೆ ಐವತ್ತು ಜನರಲ್ಲಿ ಯಾವ ದೊಡ್ಡಪ್ಪನನ್ನು ಬಿಟ್ಟರೋ? ಕೆಳಗೆ ಮೂಲೆಯಲ್ಲಿ ಮಕ್ಕಳ ಹೆಸರು ಹಾಕಿ, "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ". ಮದುವೆ ನಡೆದಿರಬೇಕಾದ ದಿನಕ್ಕೆ ಸರಿಯಾಗಿ ಒಂದು ವರ್ಷಕ್ಕೆ, ಅದೇ ಕಾರ್ಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದೆ.

ಬೇಜಾರೂ ಆಗುತ್ತಿತ್ತು, ಅದು ಬೇರೆ ಥರ. ಮೊದಲ ದಿನ ಕೆಳಗಿನಿಂದ ಇಪ್ಪತ್ತು ಫೋನು. ಸಾಸಿವೆ ಎಲ್ಲಿದೆ, ಮಗನ ಚಡ್ಡಿ ಎಲ್ಲಿದೆ, ಸಾರಿನ ಪುಡಿ ಎಷ್ಟು ಚಮಚ. ಎರಡನೇ ದಿನ ಎಂಟು. ಮೂರನೇ ದಿನ ಒಂದೂ ಇಲ್ಲ. ಮೇಲಿನಿಂದ ಕುಕ್ಕರ್ ಸೀಟಿ ಎಣಿಸಿದೆ, ಏಳಾಯಿತು. ನಾನಾಗಿದ್ದರೆ ಮೂರಕ್ಕೆ ಆರಿಸುತ್ತಿದ್ದೆ. ಅನ್ನ ಮುದ್ದೆಯಾಗಿತ್ತು, ಆದರೆ ಆಗಿತ್ತು. ನಾನಿಲ್ಲದೆ ಮನೆ ನಡೆಯುತ್ತದೆ ಅಂತ ಹಗುರವಾಯಿತಾ, ನೋವಾಯಿತಾ ಅಂತ ಕೇಳಿದರೆ ಎರಡೂ. ಭಾನುವಾರ ರಾತ್ರಿ ರಿಪೋರ್ಟ್ ಪಾಸಿಟಿವ್ ಅಂತ ಬಂದಾಗ ನನಗೆ ಮೊದಲು ಹೊಳೆದಿದ್ದು, ಸರಿ, ಇನ್ನು ಯಾರೂ ಕೆಳಗೆ ಕರೆಯುವ ಹಾಗಿಲ್ಲ ಅಂತ.

ಮಂಗಳವಾರ 27ಕ್ಕೆ ಅತ್ತೆಗೆ ಜ್ವರ ಬಂತು. ಅವತ್ತು ರಾತ್ರಿಯೇ ರಾಜ್ಯದಲ್ಲಿ ಹದಿನಾಲ್ಕು ದಿನದ ಕರ್ಫ್ಯೂ ಶುರು.

ಆಮೇಲಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಆ ತಿಂಗಳು ಬೆಂಗಳೂರಿನಲ್ಲಿದ್ದವರಿಗೆ ಇದು ಹೊಸ ಕಥೆಯಲ್ಲ. ಅತ್ತೆಯನ್ನು ಒಳಗಿನ ರೂಮಿನಲ್ಲಿ ಮಲಗಿಸಿದರು. ನಾನು ಹೇಗೂ ಪಾಸಿಟಿವ್, ಕೆಳಗೆ ಬಂದು ನಾನೇ ನೋಡಿಕೊಳ್ಳುತ್ತೇನೆ ಅಂದೆ. "ನಿನಗೇ ನಿಲ್ಲೋಕಾಗ್ತಿಲ್ಲ, ಮಕ್ಕಳು ಇಲ್ಲೇ ಇದಾರೆ, ಸುಮ್ನಿರು" ಅಂದರು ಇವರು. ಎರಡು ಮಾಸ್ಕ್ ಹಾಕಿಕೊಂಡು ತಾಯಿಯ ಬಟ್ಟೆ ಒಗೆದರು, ಗಂಜಿ ಕುಡಿಸಿದರು. ಒಂಬತ್ತು ಗಂಟೆಗೆ ಏಳುತ್ತಿದ್ದ ಮನುಷ್ಯ ಐದಕ್ಕೆ ಏಳುತ್ತಿದ್ದರು. ಮಗಳು ಅಡುಗೆ ನೋಡಿಕೊಂಡಳು. ಎರಡು ಗಂಟೆಗೊಮ್ಮೆ ಮೇಲೆ ನನ್ನ ಫೋನಿಗೆ ಅತ್ತೆಯ ಆಕ್ಸಿಜನ್ ನಂಬರು ಬರುತ್ತಿತ್ತು. 96. 95. 95. ಆರು ನಿಮಿಷ ನಡೆಸಿ ಆಮೇಲೆ ನೋಡಿ, 94ಕ್ಕಿಂತ ಕೆಳಗೆ ಹೋದರೆ ಬಿಡಬೇಡಿ ಅಂತ ಡಾಕ್ಟರ್ ಫೋನಿನಲ್ಲಿ ಹೇಳಿದ್ದರು. ಮೇ 2, ಭಾನುವಾರ ಸಂಜೆ 93 ಬಂತು. ರಾತ್ರಿ 9ಕ್ಕೆ 90.

ಬೋರಲು ಮಲಗಿಸಿದರೆ 92 ಆಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಬೆಡ್ ಬೇಕಾದರೆ ಬೆಂಗಳೂರಿನ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಬಿಯು ನಂಬರ್ ಬೇಕಿತ್ತು. ಅದು ಇತ್ತು. ಆಗಿನ ಬೆಡ್ ಸಹಾಯವಾಣಿ 1912ಕ್ಕೆ, 108ಕ್ಕೆ, ಕೋವಿಡ್ ವಾರ್ ರೂಮಿಗೆ, ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ. ಇವರು ಕೆಳಗಿನಿಂದ, ನಾನು ಮೇಲಿನಿಂದ, ಮಗಳು ಅಜ್ಜಿಯ ಬಾಗಿಲಲ್ಲಿ ನಿಂತು. ನಮ್ಮ ಆಫೀಸಿನ ಕ್ಲೈಂಟುಗಳ ಲಿಸ್ಟು ತೆಗೆದು ರಾತ್ರಿ ಹನ್ನೆರಡಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ವರ್ಷವಿಡೀ ಬಿಲ್ಲು ಕಳಿಸಿ ಅಂತ ಗೋಗರೆಯುತ್ತಿದ್ದವಳು ಬೆಡ್ಡು ಕೊಡಿಸಿ ಅಂತ ಗೋಗರೆದೆ. ಬೆಳಗಿನ ಜಾವ ನಾಲ್ಕಕ್ಕೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ಕೋಟಾದ ಆಕ್ಸಿಜನ್ ಬೆಡ್ ಸಿಕ್ಕಿತು. ಆಂಬುಲೆನ್ಸ್ ಸಿಗಲಿಲ್ಲ. ಓನರ್ ಆಂಟಿಯ ಮಗ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಮಾಸ್ಕ್ ಹಾಕಿಕೊಂಡು, "ಬನ್ನಿ ಅಂಕಲ್" ಅಂದ. ಆ ಹುಡುಗನಿಗೆ ಇಪ್ಪತ್ತಮೂರು ವರ್ಷ.

ತಾರಸಿಯ ಕಟ್ಟೆಯಿಂದ ಬಗ್ಗಿ ನೋಡಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಬೋರಲು ಮಲಗಿದ್ದರು. ನಾನು ಎಣ್ಣೆ ಹಚ್ಚಿದ್ದ ಕಾಲು ಮಾತ್ರ ಕಾಣುತ್ತಿತ್ತು. ಬೆಳಗಾದ ಮೇಲೆ ಫೋನಿನಲ್ಲಿ ಚಾಮರಾಜನಗರದ ಸುದ್ದಿ ಬಂತು. ಆಸ್ಪತ್ರೆಯಲ್ಲಿ 24 ಜನ, ಆಕ್ಸಿಜನ್ ಕೊರತೆ. ನಾನು ಫೋನ್ ಆಫ್ ಮಾಡಿದೆ. ಐದು ನಿಮಿಷಕ್ಕೆ ಮತ್ತೆ ಆನ್ ಮಾಡಿದೆ, ಆಸ್ಪತ್ರೆಯವರು ಫೋನ್ ಮಾಡಿದರೆ?

ಮೇ 10ಕ್ಕೆ ನಾನು ಕೆಳಗಿಳಿದೆ. ಅವತ್ತು ಲಾಕ್‌ಡೌನ್ ಇನ್ನೂ ಬಿಗಿಯಾಯಿತು. 12ಕ್ಕೆ ಅತ್ತೆ ಮನೆಗೆ ಬಂದರು. ಹತ್ತು ದಿನದಲ್ಲಿ ಅರ್ಧಕ್ಕರ್ಧ ಆಗಿಹೋಗಿದ್ದರು. ಬಾಗಿಲಲ್ಲಿ ಆರತಿ ಎತ್ತಲು ಹೋದರೆ, "ಮೊದ್ಲು ಕಾಫಿ ಕೊಡೇ, ಅಲ್ಲಿನ ಕಾಫಿ ಮನುಷ್ಯರು ಕುಡಿಯೋದಲ್ಲ" ಅಂದರು. ಎಲ್ಲರೂ ನಕ್ಕೆವು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ನಿದ್ದೆ ಹೋಯಿತು. ರಾತ್ರಿ ಒಂದಕ್ಕೆ, ಎರಡಕ್ಕೆ, ಮೂರಕ್ಕೆ ಎದ್ದು ಅತ್ತೆಯ ರೂಮಿನ ಬಾಗಿಲಲ್ಲಿ ನಿಂತು ಉಸಿರು ಎಣಿಸುತ್ತಿದ್ದೆ. ನಿದ್ದೆಯಲ್ಲಿರುವವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಿದ್ದೆ. ಒಂದು ಸಲ ಎಚ್ಚರವಾಗಿ ಅವರು ಕಿರುಚಿಕೊಂಡರು. ಎಲ್ಲೋ ಸೈರನ್ ಕೇಳಿದರೆ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ನಿಲ್ಲುತ್ತಿದ್ದೆ. ಜೂನ್ ಕೊನೆ ಹೊತ್ತಿಗೆ ತಲೆ ಬಾಚಿದರೆ ಹಿಡಿ ಹಿಡಿ ಕೂದಲು. ಜ್ವರ ಬಂದು ಎರಡು ಮೂರು ತಿಂಗಳಿಗೆ ಹಾಗೆ ಉದುರುತ್ತದೆ, ಆಮೇಲೆ ಬರುತ್ತದೆ ಅಂತ ಡಾಕ್ಟರ್ ಹೇಳಿದರು. ಕೂದಲಿನ ವಿಷಯ ಡಾಕ್ಟರಿಗೆ ಹೇಳಿದೆ. ಉಳಿದಿದ್ದನ್ನು ಹೇಳಲಿಲ್ಲ. ಏನಂತ ಹೇಳುವುದು? ಅತ್ತೆಗೆ ನಾನೇ ರೋಗ ಹಚ್ಚಿ ಮೇಲೆ ಹೋಗಿ ಹಾಯಾಗಿ ಮಲಗಿದ್ದೆ ಅಂತಲಾ?

ನಿಮ್ಹಾನ್ಸ್‌ನ ಸಹಾಯವಾಣಿ ನಂಬರ್ ಕೊಟ್ಟಿದ್ದು ಆಫೀಸಿನ ಗೆಳತಿ. ಲಾಕ್‌ಡೌನ್ ಶುರುವಾದ ಹೊಸತರಲ್ಲೇ ಅದು ಶುರುವಾಗಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು ನಾನು. ನಿಮ್ಹಾನ್ಸ್ ಅಂದರೆ ನಮ್ಮ ಕಡೆ ಏನಂತ ಅರ್ಥ ಅಂತ ಗೊತ್ತಲ್ಲ, ಸ್ಕೂಲಿನಲ್ಲಿ ಒಬ್ಬರನ್ನೊಬ್ಬರು ಹಂಗಿಸುತ್ತಿದ್ದುದೇ ಆ ಹೆಸರಿನಲ್ಲಿ. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಮೂರನೇ ಸಲ ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಹೋಗಿ ಮಾಡಿದೆ.

ಆ ಕಡೆ ಒಬ್ಬ ಹೆಣ್ಣುಮಗಳು, ಸೊಗಸಾದ ಕನ್ನಡ. ನಿದ್ದೆ ಬರಲ್ಲ ಅಂದೆ. ಎಷ್ಟು ದಿನದಿಂದ, ಊಟ ಹೇಗಿದೆ, ಸಾಯಬೇಕು ಅಂತ ಏನಾದರೂ ಅನಿಸುತ್ತಾ, ಎಲ್ಲ ಕೇಳಿದರು. ಅದನ್ನು ಅಷ್ಟು ನೇರವಾಗಿ ಕೇಳುತ್ತಾರೆ ಅಂತ ಗೊತ್ತಿರಲಿಲ್ಲ. ಇಲ್ಲ ಅಂದೆ, ನಿಜವೇ ಹೇಳಿದೆ. ಆಮೇಲೆ ಅವರು, "ಕೊನೇ ಸಲ ಚೆನ್ನಾಗಿ ನಿದ್ದೆ ಮಾಡಿದ್ದು ಯಾವಾಗ, ನೆನಪಿದೆಯಾ?" ಅಂದರು.

ನಾನು ಶೀಟಿನ ರೂಮಿನ ಬಾಗಿಲ ಮುಂದೆ ನಿಂತಿದ್ದೆ. "ಕೋವಿಡ್ ಬಂದಾಗ, ಮೊದಲ ನಾಲ್ಕು ದಿನ" ಅಂದೆ. ಅಂದವಳೇ ನಕ್ಕೆ. ನಗು ಎಲ್ಲಿಗೆ ಹೋಗಿ ನಿಂತಿತು ಅಂದರೆ ಬಕೆಟ್ಟಿನಲ್ಲಿದ್ದ ಒದ್ದೆ ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳಬೇಕಾಯಿತು. ಅವರು ಸಮಾಧಾನ ಮಾಡಲು ಹೋಗಲಿಲ್ಲ. ಕಾದರು. ಆಮೇಲೆ ಎಣ್ಣೆ ಹಚ್ಚಿದ್ದು, ಖುಷಿಯಾಗಿದ್ದು, ಕಾಲು ಕಂಡಿದ್ದು ಎಲ್ಲ ಹೇಳಿದೆ. "ರೆಸ್ಟ್ ಸಿಕ್ಕಿದ್ದಕ್ಕೆ ಖುಷಿಯಾಯ್ತು. ಅವರಿಗೆ ಹುಷಾರು ತಪ್ಪಿದ್ದು ಬೇರೆ. ಎರಡನ್ನೂ ನೀವು ಗಂಟು ಹಾಕಿಕೊಂಡಿದೀರಿ" ಅಂದರು. ಊರಿಡೀ ಇದ್ದ ರೋಗ ಯಾರಿಂದ ಯಾರಿಗೆ ಬಂತು ಅಂತ ಹೇಗೆ ಹೇಳುತ್ತೀರಿ ಅಂತಲೂ ಕೇಳಿದರು. ಮಾಡಬೇಕಾದ್ದು ಕೆಲವು ಹೇಳಿದರು. ರಾತ್ರಿ ಒಂದೇ ಸಲ ಎದ್ದು ಅತ್ತೆಯನ್ನು ನೋಡಿ, ಎರಡನೇ ಸಲ ಬೇಡ. ಮಲಗುವ ಮುಂಚೆ ನ್ಯೂಸ್ ಬೇಡ. ನಿದ್ದೆ ಬರಲಿ ಬಿಡಲಿ ಏಳುವ ಹೊತ್ತು ಒಂದೇ ಇರಲಿ. ದಿನಕ್ಕೆ ಸ್ವಲ್ಪ ಹೊತ್ತು ಒಬ್ಬರೇ ಇರಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಬಂದು ತೋರಿಸಿ. ಇಪ್ಪತ್ತೈದು ನಿಮಿಷ ಮಾತಾಡಿದ್ದೆವು. ದುಡ್ಡು ಕೇಳಲಿಲ್ಲ. 2022ರ ಅಕ್ಟೋಬರ್‌ನಿಂದ ಇಡೀ ದೇಶಕ್ಕೆ ಟೆಲಿ ಮಾನಸ್ ಅಂತ ಬಂದಿದೆ, 14416. ಅದನ್ನೂ ನಡೆಸುವುದರಲ್ಲಿ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೀದಿಯಲ್ಲಿ ಇಬ್ಬರಿಗೆ ಆ ನಂಬರ್ ಬರೆದುಕೊಟ್ಟಿದ್ದೇನೆ, ಯಾರಿಗೆ ಅಂತ ಹೇಳುವುದಿಲ್ಲ.

ಒಂದು ವಾರ ಬಿಟ್ಟು ಧೈರ್ಯ ಮಾಡಿ ಅತ್ತೆಗೆ ಹೇಳಿದೆ. ಅವರು ಅವರೆಕಾಳು ಹಿಸುಕುವ ಹಾಗೆ ಬೆರಳಲ್ಲಿ ಸೆರಗು ಹಿಸುಕುತ್ತಾ ಕೇಳಿಸಿಕೊಂಡರು. ಮುಖ ಒಂಥರಾ ಆಯಿತು.

"ನಿನ್ನಿಂದ ಅಂತ ಯಾಕಂದ್ಕೊಂಡೆ? ರಾಮನವಮಿ ದಿನ ನಾನು ಕೆಳಗೆ ಆಂಟಿ ಮನೆಗೆ ಹೋಗಿದ್ದೆ. ಹತ್ತು ಜನ ಹೆಂಗಸ್ರು ಸೇರಿದ್ವಿ. ಪಾನಕ, ಕೋಸಂಬರಿ. ಮಾಸ್ಕ್ ಹಾಕ್ಕೊಂಡು ಪಾನಕ ಕುಡಿಯೋಕಾಗತ್ತಾ? ನೀನು ಬೈತೀಯ ಅಂತ ಹೇಳಿರ್ಲಿಲ್ಲ."

ರಾಮನವಮಿ ಏಪ್ರಿಲ್ 21. ನನಗೆ ಜ್ವರ ಬಂದಿದ್ದು 22. ಒಂದೇ ದಿನದಲ್ಲಿ ಅವರಿಂದ ನನಗೆ ರೋಗ ಬರುವುದಿಲ್ಲ, ಲೆಕ್ಕ ಕೂಡುವುದಿಲ್ಲ ಅಂತ ನನಗೂ ಗೊತ್ತು. ಅತ್ತೆಗೆ ಆ ಲೆಕ್ಕ ಹೇಳಲಿಲ್ಲ. ಎರಡು ತಿಂಗಳು ಅವರೂ ಒಂದು ಪಾನಕದ ಲೋಟ ಹೊತ್ತುಕೊಂಡು ತಿರುಗಿದ್ದರು.

ಜುಲೈ 19 ಮತ್ತು 22ಕ್ಕೆ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ಆರು ಸಬ್ಜೆಕ್ಟು, ಎರಡೇ ದಿನ, ಎಲ್ಲ ಟಿಕ್ ಹಾಕುವುದು. ಹೆಚ್ಚುಕಡಿಮೆ ಇಡೀ ರಾಜ್ಯವೇ ಪಾಸ್. "ಕೊರೊನಾ ಬ್ಯಾಚ್" ಅಂತ ಈಗಲೂ ಯಾರಾದರೂ ಅಂದರೆ ಅವಳು ಕೆರಳುತ್ತಾಳೆ. ಅಜ್ಜಿಯ ಆಕ್ಸಿಜನ್ ನಂಬರ್ ಬರೆದುಕೊಳ್ಳುತ್ತಾ, ಅನ್ನ ಸಾರು ಮಾಡುತ್ತಾ ಓದಿದ ಹುಡುಗಿ, ಕೆರಳಲಿ.

ಮಗನಿಗೆ ಸ್ಕೂಲು ಕಂಡಿದ್ದು ಅಕ್ಟೋಬರ್ 25ಕ್ಕೆ, ಒಂದರಿಂದ ಐದನೇ ಕ್ಲಾಸು ತೆರೆದ ದಿನ. ಒಂದನೇ ಕ್ಲಾಸು ಪೂರ್ತಿ ಫೋನಿನಲ್ಲೇ ಮುಗಿಸಿ ಎರಡನೇ ಕ್ಲಾಸಿಗೆ ಬಂದಿದ್ದ. ಯೂನಿಫಾರ್ಮ್ ಹೊಲಿಸಿ ಇಟ್ಟಿದ್ದು ಹಾಕುವ ಮೊದಲೇ ಗಿಡ್ಡವಾಗಿತ್ತು. ಮಧ್ಯಾಹ್ನ ಕರೆದುಕೊಂಡು ಬರಲು ಹೋದರೆ ಕಣ್ಣರಳಿಸಿ ಹೇಳಿದ್ದು ಒಂದೇ, "ಅಮ್ಮಾ, ನಮ್ಮ ಮಿಸ್ಸು ಎಷ್ಟು ಉದ್ದ ಇದಾರೆ ಗೊತ್ತಾ?" ಅಲ್ಲಿಯವರೆಗೆ ಅವರು ಅವನಿಗೆ ಭುಜದವರೆಗೆ ಮಾತ್ರ ಇದ್ದರು. ನಾನು ಗೇಟಿನ ಹತ್ತಿರ ಮಿಸ್‌ನ ಕಣ್ಣು ತಪ್ಪಿಸಿ ನಿಂತಿದ್ದೆ. ಅವರೇ ಬಂದು, "ಚೆನ್ನಾಗಿದೀರಾ ಅಮ್ಮ?" ಅಂದರು. ಮೈಕಿನ ಮಾತು ಇಬ್ಬರೂ ಎತ್ತಲಿಲ್ಲ.

ಮನೆಯಲ್ಲಿ ಏನೇನೋ ಬದಲಾಯಿತು ಅಂತ ಹೇಳುವುದಿಲ್ಲ. ಇವರು ಈಗ ಬೆಳಿಗ್ಗೆ ತಿಂಡಿ ಮಾಡುತ್ತಾರೆ, ಉಪ್ಪಿಟ್ಟು ಬಿಟ್ಟು ಬೇರೆಯದೂ ಕಲಿತಿದ್ದಾರೆ, ಪಾತ್ರೆ ಮಾತ್ರ ಸಿಂಕಿನಲ್ಲೇ ಬಿಡುತ್ತಾರೆ. ನಾನು ಈಗಲೂ ರೇಗುತ್ತೇನೆ. ಶೀಟಿನ ರೂಮಿನ ಅರ್ಧ ಬಂಡಲ್‌ಗಳನ್ನು ರದ್ದಿಗೆ ಹಾಕಿದೆವು. ಚಾಪೆಯ ಜಾಗಕ್ಕೆ ಒಂದು ಹಗ್ಗದ ಮಂಚ ಬಂತು. ಭಾನುವಾರ ಊಟವಾದ ಮೇಲೆ ಎರಡರಿಂದ ನಾಲ್ಕು ನಾನು ಅಲ್ಲಿ. ಫೋನು ಕೆಳಗೆ. ಆ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಹೆಸರು ಐಸೋಲೇಷನ್. ಮಗ ಅದಕ್ಕೊಂದು ಬೋರ್ಡ್ ಮಾಡಿ ಬಾಗಿಲಿಗೆ ಅಂಟಿಸಿದ್ದಾನೆ, ಮಿಕ್ಕ ಕಾರ್ಡಿನ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಬರೆದು. ಮೇಲೆ ಚಿನ್ನದ ಬಣ್ಣದ ಗಣಪತಿ, ಶ್ರೀ ಗಣೇಶಾಯ ನಮಃ. ಅದರ ಕೆಳಗೆ, "ಅಮ್ಮ ಕ್ವಾರಂಟೈನ್. ಯಾರೂ ಬರಬಾರದು."

ಹೋದ ಭಾನುವಾರ ಆಗಷ್ಟೇ ಕಣ್ಣು ಹತ್ತಿತ್ತು. ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹತ್ತಿ ಬರುವ ಸದ್ದು. ಬಾಗಿಲ ಹತ್ತಿರ ಬಂದು ನಿಂತಿತು. ಅತ್ತೆ ಬೋರ್ಡ್ ಓದುತ್ತಿರಬೇಕು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೀರಾ ಮೆಲ್ಲಗೆ, ಗುಟ್ಟು ಹೇಳುವವರ ಹಾಗೆ, "ಒಳಗೆ ಬರಲ್ಲ ಕಣೇ. ಇಂಗು ಎಲ್ಲಿಟ್ಟಿದೀಯ, ಅಷ್ಟು ಹೇಳ್ಬಿಡು."